ಸ್ವೀಡನ್‌ನ ಐಸ್ ಹಾಕಿ ಲೀಗ್ ನೋಡಲು ಕಲಿಯುವುದು ಹೇಗೆ: ಪಟ್ಟಿಯನ್ನು ಕೆಳಗಿನಿಂದ ಓದಿ

ಹಾಕಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೊಡಗು, ಹುಲ್ಲಿನ ಮೈದಾನ, ಬಗ್ಗಿ ಓಡುವ ಹುಡುಗರು. ಸ್ವೀಡನ್‌ನಲ್ಲಿ ಹಾಗಲ್ಲ. ಇಲ್ಲಿ ಬರೀ ಹಾಕಿ ಅಂದರೆ ಐಸ್ ಹಾಕಿ ಅಂತಲೇ ಅರ್ಥ. ನಮ್ಮ ಹಾಕಿಗೆ ಅವರು ಬೇರೆ ಹೆಸರಿಟ್ಟಿದ್ದಾರೆ, ಲಾಂಡ್‌ಹಾಕಿ, ಅಂದರೆ ನೆಲದ ಹಾಕಿ.

ನಾನು ಕೆಲಸದ ಮೇಲೆ ಗೋಥೆನ್‌ಬರ್ಗ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಆಫೀಸಿನವರು ಸ್ಕ್ಯಾಂಡಿನೇವಿಯಂಗೆ ಕರೆದುಕೊಂಡು ಹೋದರು. 1971ರಲ್ಲಿ ಕಟ್ಟಿದ ಅರೀನಾ, ಹನ್ನೆರಡು ಸಾವಿರ ಜನ ಕೂರಬಹುದು. ಫ್ರೋಲುಂಡ ತಂಡದ ಆಟ. ಮೊದಲ ಇಪ್ಪತ್ತು ನಿಮಿಷ ನನಗೆ ಚೆಂಡಿನ ಬದಲು ಬಳಸುವ ಆ ಕಪ್ಪು ಬಿಲ್ಲೆ, ಪಕ್, ಕಣ್ಣಿಗೆ ಬೀಳಲೇ ಇಲ್ಲ. ಗೋಲ್ ಆದಾಗ ಜನ ಎದ್ದರು, ನಾನೂ ಎದ್ದೆ. ಪಕ್ಕದಲ್ಲಿ ಕೈಯಲ್ಲಿ ಹೆಣೆದ ಮಫ್ಲರ್ ಸುತ್ತಿಕೊಂಡ ವಯಸ್ಸಾದ ಒಬ್ಬರು ಕೂತಿದ್ದರು. ಬ್ರೇಕ್‌ನಲ್ಲಿ ಫ್ಲಾಸ್ಕ್‌ನಿಂದ ಕಾಫಿ ಸುರಿದುಕೊಳ್ಳುತ್ತಾ ಎರಡು ಮಾತು ಹೇಳಿದರು. ಪಕ್ ಹುಡುಕಬೇಡ, ಆಟಗಾರರ ಭುಜ ಯಾವ ಕಡೆ ತಿರುಗುತ್ತದೆ ನೋಡು, ಪಕ್ ತಾನಾಗೇ ಸಿಗುತ್ತದೆ. ಎರಡನೆಯದು, ಲೀಗ್ ಅರ್ಥ ಆಗಬೇಕಾದರೆ ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಅಂತ ನೋಡಬೇಡ, ಕೊನೆಯಲ್ಲಿ ಯಾರಿದ್ದಾರೆ ನೋಡು.

ಆ ಎರಡನೇ ಮಾತು ಎಷ್ಟು ನಿಜ ಅಂತ ಗೊತ್ತಾಗೋಕೆ ನನಗೆ ಎರಡು ಸೀಸನ್ ಬೇಕಾಯಿತು. ಇಲ್ಲಿಗೆ ಬಂದಿರುವ ಕನ್ನಡದವರಿಗೂ ಅಲ್ಲೇ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತು ಹೊಸದೊಂದು ಆಟ ಹಿಡಿಯಬೇಕು ಅನ್ನುವವರಿಗೂ ಆ ಎರಡು ಸೀಸನ್ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು

ಲೀಗ್‌ನ ಹೆಸರು ಎಸ್‌ಎಚ್‌ಎಲ್, ಸ್ವೀಡಿಷ್ ಹಾಕಿ ಲೀಗ್. ಈ ಹೆಸರು 2013ರಲ್ಲಿ ಬಂತು. ಅದಕ್ಕೂ ಮುಂಚೆ ಎಲಿಟ್‌ಸೀರಿಯೆನ್ ಅಂತಿತ್ತು. ಹಳಬರು ಈಗಲೂ ಹಾಗೇ ಅನ್ನುತ್ತಾರೆ, ಗಾಬರಿ ಬೇಡ, ಎರಡೂ ಒಂದೇ. ಇದರ ಕೆಳಗಿನ ಮೆಟ್ಟಿಲು ಹಾಕಿಆಲ್‌ಸ್ವೆನ್‌ಸ್ಕನ್. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮೇಲಿನದು ಎಷ್ಟು ಮುಖ್ಯವೋ ಕೆಳಗಿನದೂ ಅಷ್ಟೇ ಮುಖ್ಯ.

ನಾವು ಐಪಿಎಲ್ ನೋಡಿ ಬೆಳೆದವರು. ಅಲ್ಲಿ ಆರ್‌ಸಿಬಿ ಕೊನೆಯ ಸ್ಥಾನಕ್ಕೆ ಬಂದರೂ ಮುಂದಿನ ವರ್ಷ ಅದೇ ಲೀಗ್‌ನಲ್ಲಿ ಇರುತ್ತದೆ. ಇಲ್ಲಿ ಹಾಗಿಲ್ಲ. ಕೊನೆಯ ಎರಡು ಸ್ಥಾನದವರಲ್ಲಿ ಒಬ್ಬರು ಕೆಳಗಿನ ಲೀಗ್‌ಗೆ ಇಳಿಯಬೇಕು. ಟಿವಿಯಿಂದ ಬರುವ ದುಡ್ಡು ಒಂದೇ ಏಟಿಗೆ ಬಿದ್ದುಹೋಗುತ್ತದೆ, ಒಳ್ಳೆ ಆಟಗಾರರು ಬೇರೆ ಕಡೆ ಹೊರಡುತ್ತಾರೆ, ಕ್ಲಬ್ ಆಫೀಸಿನಲ್ಲಿ ಕೆಲಸ ಮಾಡುವವರಿಗೂ ಮನೆಗೆ ಹೋಗುವ ಪರಿಸ್ಥಿತಿ ಬರಬಹುದು. ಜೊತೆಗೆ ಇನ್ನೊಂದು ವಿಷಯ. ಸ್ವೀಡನ್‌ನಲ್ಲಿ ಕ್ಲಬ್‌ನ ಮತಗಳಲ್ಲಿ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲೇ ಇರಬೇಕು ಅನ್ನುವ ನಿಯಮ ಇದೆ, ಶೇ. 51ರ ನಿಯಮ ಅಂತಾರೆ. ದೊಡ್ಡ ಕುಳ ಬಂದು ಇಡೀ ಕ್ಲಬ್ ಕೊಂಡುಕೊಂಡು ಇನ್ನೊಂದು ಊರಿಗೆ ಎತ್ತಿಕೊಂಡು ಹೋಗೋಕೆ ಆಗಲ್ಲ. ಕ್ಲಬ್ ಊರಿನದು. ಬಿದ್ದರೂ ಊರಿನದೇ.

ಇತಿಹಾಸ, ಎಷ್ಟು ಬೇಕೋ ಅಷ್ಟು

ಸ್ವೀಡನ್‌ನವರು ಮೊದಲು ಆಡುತ್ತಿದ್ದದ್ದು ಬ್ಯಾಂಡಿ. ಅದೂ ಐಸ್ ಮೇಲಿನ ಆಟವೇ, ಆದರೆ ಚೆಂಡು ಇಟ್ಟುಕೊಂಡು, ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಜಾಗದಲ್ಲಿ, ಹನ್ನೊಂದು ಹನ್ನೊಂದು ಜನ ಆಡುವುದು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ಇತ್ತು. ಆಗ ಸಿನಿಮಾ ವ್ಯವಹಾರದಲ್ಲಿದ್ದ ರೌಲ್ ಲ ಮಾ ಅನ್ನುವ ಅಮೆರಿಕನ್ ಒಬ್ಬರು ಬ್ಯಾಂಡಿ ಆಟಗಾರರನ್ನೇ ಹೆಚ್ಚಾಗಿ ಸೇರಿಸಿ ತಂಡ ಕಟ್ಟಿ, ತಾವೇ ಕೋಚ್ ಆದರು. ಆ ತಂಡ ನಾಲ್ಕನೇ ಸ್ಥಾನ ಪಡೆಯಿತು. ಹೊಸದಾಗಿ ಕೋಲು ಹಿಡಿದವರಿಗೆ ಅದು ಸಣ್ಣ ಮಾತಲ್ಲ.

1922ರಲ್ಲಿ ಮೊದಲ ಸ್ವೀಡಿಷ್ ಚಾಂಪಿಯನ್‌ಷಿಪ್ ನಡೆಯಿತು, ಸ್ಟಾಕ್‌ಹೋಮ್‌ನ ಐಕೆ ಯೋಟ ಗೆದ್ದಿತು. 1926ರಲ್ಲಿ ಬಂದ ಟ್ರೋಫಿಗೆ ಲ ಮಾ ಹೆಸರೇ ಇದೆ, ಇವತ್ತಿಗೂ ಚಾಂಪಿಯನ್ನರು ಎತ್ತಿ ಹಿಡಿಯುವುದು ಆ ಲ ಮಾ ಕಪ್ಪನ್ನೇ.

ಮುಂದೆ ಹಲವು ದಶಕ ಮೇಲಿನ ದರ್ಜೆಗೆ ಡಿವಿಷನ್ 1 ಅನ್ನುವ ಹೆಸರಿತ್ತು. ಆಗಿನ ದೊಡ್ಡಣ್ಣಂದಿರು ಇಬ್ಬರು. ಸ್ಟಾಕ್‌ಹೋಮ್‌ನ ಯೂರ್‌ಗೋರ್ಡನ್ 1958ರಿಂದ 1963ರವರೆಗೆ ಸತತ ಆರು ಸಲ ಗೆದ್ದಿತು. ಆಮೇಲೆ ಯೆವ್ಲೆ ಅನ್ನುವ ಊರಿನ ಬ್ರೂನೆಸ್ ಕಾಲ ಬಂತು. ಬೋರ್ಯೆ ಸಾಲ್ಮಿಂಗ್ ಹೆಸರು ಕೇಳಿರಬಹುದು. ಬ್ರೂನೆಸ್‌ನಲ್ಲಿ ಆಡಿ 1971 ಮತ್ತು 1972ರ ಚಿನ್ನ, ಅಂದರೆ ದೇಶದ ಚಾಂಪಿಯನ್ ಪಟ್ಟ, ಗೆದ್ದು, 1973ರಲ್ಲಿ ಕೆನಡಾದ ಟೊರಾಂಟೊ ತಂಡಕ್ಕೆ ಹೋದವರು. ಯೂರೋಪಿನವರು ಮೆತ್ತಗಿನವರು, ಎರಡು ಏಟು ಬಿದ್ದರೆ ಓಡಿಹೋಗುತ್ತಾರೆ ಅಂತ ಅಲ್ಲಿ ನಂಬಿದ್ದ ಕಾಲ ಅದು. ಸಾಲ್ಮಿಂಗ್ ಏಟು ತಿಂದು ತಿಂದು ನಿಂತರು. ಆ ಬಾಗಿಲು ತೆಗೆದದ್ದು ಅವರು. 2022ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಹಾಕಿ ನೋಡದವರೂ ಇಲ್ಲಿ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ.

1974–75ರಲ್ಲಿ ಮೇಲಿನ ದರ್ಜೆಯಲ್ಲಿ 16 ತಂಡಗಳಿದ್ದವು. ಅದನ್ನು ಸೋಸಿ 10ಕ್ಕೆ ಇಳಿಸಿದರು, 1975ರ ಶರತ್ಕಾಲದಲ್ಲಿ ಎಲಿಟ್‌ಸೀರಿಯೆನ್ ಶುರುವಾಯಿತು. ಪ್ರತಿ ತಂಡ ಉಳಿದ ಒಂಬತ್ತರ ವಿರುದ್ಧ ನಾಲ್ಕು ನಾಲ್ಕು ಪಂದ್ಯ, ಒಟ್ಟು 36. ಮೊದಲ ಎರಡು ವರ್ಷ ಬ್ರೂನೆಸ್ ಗೆದ್ದಿತು. 1987ರಲ್ಲಿ 12 ತಂಡ ಆಯಿತು, 2015ರಲ್ಲಿ 14. ಇಸವಿಗಳು ಇಷ್ಟು ಸಾಕು.

ಒಂದು ವಿಷಯ ಮಾತ್ರ ಸೇರಿಸುತ್ತೇನೆ. 1975ರಿಂದ ಇವತ್ತಿನವರೆಗೆ ಒಂದು ಸಲವೂ ಕೆಳಗಿಳಿಯದ ತಂಡ ಒಂದೇ ಒಂದು, ಕಾರ್ಲ್‌ಸ್ಟಾಡ್ ಊರಿನ ಫೆರ್ಯೆಸ್ಟಾದ್. 2022ರಲ್ಲಿ ಗೆದ್ದದ್ದು ಅವರ ಹತ್ತನೇ ಚಿನ್ನ. ಹೋಕನ್ ಲೂಬ್ ಇದೇ ತಂಡದವರು. 1982–83ರಲ್ಲಿ ಬರೀ 36 ಪಂದ್ಯಗಳಲ್ಲಿ 42 ಗೋಲ್ ಹೊಡೆದರು, ಗೋಲ್‌ಗೆ ಪಾಸ್ ಕೊಟ್ಟದ್ದೂ ಸೇರಿ 76 ಅಂಕ. ಎತ್ತರದ ಆಳೂ ಅಲ್ಲ.

ಪಟ್ಟಿ ಓದುವುದು

ಈಗ ನಿಜವಾದ ಪಾಠಕ್ಕೆ ಬರೋಣ. ಸೆಪ್ಟೆಂಬರ್ ಮಧ್ಯದಲ್ಲಿ ಸೀಸನ್ ಶುರು. 14 ತಂಡಗಳು, ಪ್ರತಿಯೊಬ್ಬರೂ ಉಳಿದ 13 ತಂಡಗಳ ವಿರುದ್ಧ ನಾಲ್ಕು ಸಲ, ಎರಡು ಮನೆಯಲ್ಲಿ ಎರಡು ಹೊರಗೆ. ಒಟ್ಟು 52 ಪಂದ್ಯ. ಮಾರ್ಚ್‌ವರೆಗೆ ನಡೆಯುವ ಈ ಭಾಗಕ್ಕೆ ಗ್ರುಂಡ್‌ಸೀರಿಯೆ ಅಂತಾರೆ.

ಅಂಕದ ಲೆಕ್ಕ ಸುಲಭ. 60 ನಿಮಿಷದ ಒಳಗೆ ಗೆದ್ದರೆ 3. 60 ನಿಮಿಷಕ್ಕೆ ಸಮ ಆದರೆ ಇಬ್ಬರಿಗೂ ಒಂದೊಂದು ಅಂಕ ಗ್ಯಾರಂಟಿ, ಆಮೇಲೆ ಮೂರು ಮೂರು ಜನ ಇಳಿದು ಐದು ನಿಮಿಷದ ಓವರ್‌ಟೈಮ್, ಅದರಲ್ಲೂ ಆಗದಿದ್ದರೆ ಪೆನಾಲ್ಟಿ ಹೊಡೆತ, ಗೆದ್ದವರಿಗೆ ಇನ್ನೊಂದು ಅಂಕ. ಅಂದರೆ ಒಂದು ಪಂದ್ಯದಿಂದ ಯಾವಾಗಲೂ ಮೂರು ಅಂಕ ಹೊರಬರುತ್ತದೆ, ಹಂಚಿಕೆ ಮಾತ್ರ ಬೇರೆ: 3–0 ಇಲ್ಲವೇ 2–1. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಕೊನೆಯ ಐದು ನಿಮಿಷದಲ್ಲಿ ತಂಡಗಳು ಯಾಕೆ ಹಾಗೆ ಆಡುತ್ತವೆ ಅಂತ ಅರ್ಥ ಆಗುತ್ತದೆ. ಕೆಳಗಿರುವ ತಂಡ ಸಮ ಸ್ಥಿತಿಯಲ್ಲಿದ್ದರೆ ಆ ಒಂದು ಅಂಕವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಕಾಯುತ್ತದೆ, ಮೇಲಿರುವ ತಂಡ ಮೂರಕ್ಕೂ ಕೈ ಹಾಕುತ್ತದೆ.

ಈಗ ಪಟ್ಟಿಯ ಮೇಲೆ ನಾಲ್ಕು ಗೆರೆ ಎಳೆದುಕೊಳ್ಳಿ. 6ರ ಕೆಳಗೆ ಒಂದು, 10ರ ಕೆಳಗೆ ಒಂದು, 12ರ ಕೆಳಗೆ ಒಂದು, 13 ಮತ್ತು 14ರ ನಡುವೆ ಪೆನ್ಸಿಲ್‌ನಲ್ಲಿ ಇನ್ನೊಂದು. ನಾನು ನಿಜವಾಗಿಯೂ ಕಾಗದದ ಮೇಲೆ ಎಳೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇನೆ.

ಮೊದಲ ಆರು ತಂಡ ನೇರ ಕ್ವಾರ್ಟರ್‌ಫೈನಲ್‌ಗೆ. 7ರಿಂದ 10ರವರೆಗಿನವರು ಮೂರು ಪಂದ್ಯಗಳ ಚಿಕ್ಕ ಸರಣಿ ಆಡಬೇಕು, ಮೊದಲು ಎರಡು ಗೆದ್ದವರು ಒಳಗೆ. ಅಲ್ಲಿಂದ ಮುಂದೆ ಎಲ್ಲವೂ ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರು ಮುಂದಕ್ಕೆ: ಕ್ವಾರ್ಟರ್, ಸೆಮಿ, ಫೈನಲ್. ಇದಕ್ಕೆ ಸ್ಲೂತ್‌ಸ್ಪೇಲ್ ಅಂತಾರೆ. 52 ಪಂದ್ಯ ಆಡಿ ಮೊದಲ ಸ್ಥಾನಕ್ಕೆ ಬಂದವರು ಚಾಂಪಿಯನ್ ಅಲ್ಲ, ಇದನ್ನು ಹೊಸಬರು ತಪ್ಪು ತಿಳಿಯುತ್ತಾರೆ. ಸ್ಲೂತ್‌ಸ್ಪೇಲ್ ಗೆದ್ದವರೇ ಚಾಂಪಿಯನ್. 1995ರಲ್ಲಿ ಯೋನ್‌ಶೋಪಿಂಗ್‌ನ ಎಚ್‌ವಿ71 ಎಂಟನೇ ಸ್ಥಾನದಿಂದ ಬಂದು ಚಿನ್ನ ಎತ್ತಿಕೊಂಡು ಹೋಯಿತು. ಸ್ಲೂತ್‌ಸ್ಪೇಲ್‌ನಲ್ಲಿ ಪೆನಾಲ್ಟಿ ಹೊಡೆತವೂ ಇಲ್ಲ. ಸಮ ಆದರೆ ಇನ್ನೊಂದು ಇಪ್ಪತ್ತು ನಿಮಿಷ, ಅದರಲ್ಲೂ ಗೋಲ್ ಬರದಿದ್ದರೆ ಮತ್ತೊಂದು ಇಪ್ಪತ್ತು, ಯಾರಾದರೂ ಹೊಡೆಯುವವರೆಗೆ. ಮಧ್ಯರಾತ್ರಿ ದಾಟುವುದೂ ಉಂಟು. ಮರುದಿನ ಆಫೀಸ್ ಇದ್ದರೆ ಯೋಚಿಸಿ ಕೂರಿ.

11 ಮತ್ತು 12ನೇ ಸ್ಥಾನದವರಿಗೆ ಸೀಸನ್ ಅಲ್ಲಿಗೆ ಮುಗಿಯಿತು. ಬೇಸರ ಇರುತ್ತದೆ, ಆದರೆ ಉಸಿರು ಬಿಟ್ಟುಕೊಂಡು ಮನೆಗೆ ಹೋಗುತ್ತಾರೆ.

13 ಮತ್ತು 14? ಈ ಇಬ್ಬರು ಒಬ್ಬರ ವಿರುದ್ಧ ಒಬ್ಬರು ಏಳು ಪಂದ್ಯಗಳ ಸರಣಿ ಆಡಬೇಕು. ಗೆದ್ದವರು ಉಳಿಯುತ್ತಾರೆ. ಸೋತವರು ಹಾಕಿಆಲ್‌ಸ್ವೆನ್‌ಸ್ಕನ್‌ಗೆ ಇಳಿಯುತ್ತಾರೆ, ಅಲ್ಲಿ ಗೆದ್ದ ತಂಡ ಅವರ ಜಾಗಕ್ಕೆ ಬರುತ್ತದೆ. ನನ್ನ ಪ್ರಕಾರ ಇಡೀ ಯೂರೋಪಿನ ಹಾಕಿಯಲ್ಲಿ ಇದಕ್ಕಿಂತ ಉಸಿರು ಬಿಗಿಹಿಡಿಸುವ ಸರಣಿ ಇಲ್ಲ. ಫೈನಲ್‌ನಲ್ಲಿ ಸೋತವರಿಗೆ ಬೆಳ್ಳಿಯಾದರೂ ಸಿಗುತ್ತದೆ.

ಬಿದ್ದವರ ಕಥೆ ಓದಿ, ಲೀಗ್ ಅರ್ಥ ಆಗುತ್ತದೆ

ಬ್ರೂನೆಸ್ ಕಥೆಯನ್ನೇ ತಗೊಳ್ಳಿ. 13 ಸಲ ಚಾಂಪಿಯನ್. 1960ರಿಂದ ಮೇಲಿನ ದರ್ಜೆ ಬಿಟ್ಟು ಇಳಿದೇ ಇರಲಿಲ್ಲ. 2021ರಲ್ಲಿ ಕೊನೆಯ ಎರಡು ಸ್ಥಾನಕ್ಕೆ ಬಂದರು, ಎದುರಿಗೆ ಎಚ್‌ವಿ71. ಆ ಸರಣಿ ಬ್ರೂನೆಸ್ ಗೆದ್ದಿತು, 2017ರ ಚಾಂಪಿಯನ್ ಆಗಿದ್ದ ಎಚ್‌ವಿ71 ನಾಲ್ಕೇ ವರ್ಷದಲ್ಲಿ ಕೆಳಗಿಳಿಯಿತು. ಪಾಠ ಕಲಿತರೇ? 2023ರಲ್ಲಿ ಬ್ರೂನೆಸ್ ಮತ್ತೆ ಅದೇ ಜಾಗಕ್ಕೆ ಬಂತು, ಈ ಸಲ ಉಳಿಯಲಿಲ್ಲ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲದ ಮನೆ ಬಿಟ್ಟು ಹೋದ ಹಾಗೆ. ಯೆವ್ಲೆ ಊರಿನಲ್ಲಿ ಅಜ್ಜ, ಮಗ, ಮೊಮ್ಮಗಳು ಮೂವರೂ ಬ್ರೂನೆಸ್ ಇಲ್ಲದ ಮೇಲಿನ ಲೀಗ್ ಅನ್ನು ಸರಿಯಾಗಿ ಕಂಡವರಲ್ಲ.

ಒಂದೇ ವರ್ಷ. 2024ರಲ್ಲಿ ಮೇಲೆ ಬಂದರು. 2025ರಲ್ಲಿ ಎಲ್ಲಿಗೆ ಹೋದರು ಗೊತ್ತಾ? ಫೈನಲ್‌ಗೆ. ಕೆಳಗಿನಿಂದ ಹತ್ತಿ ಬಂದ ವರ್ಷವೇ ಚಿನ್ನಕ್ಕಾಗಿ ಆಡಿದರು, ಲೂಲಿಯೋ ವಿರುದ್ಧ 4–2ರಲ್ಲಿ ಸೋತರು. ಸೋತದ್ದು ನಿಜ, ಆದರೆ ಆ ವಸಂತದಲ್ಲಿ ಯಾರ ತಂಡದವರಾದರೂ ಸರಿ, ಬ್ರೂನೆಸ್‌ಗೆ ಮನಸ್ಸಿನಲ್ಲೇ ಒಂದು ಚಪ್ಪಾಳೆ ಕೊಟ್ಟಿರುತ್ತಾರೆ.

ಯೂರ್‌ಗೋರ್ಡನ್ ಕಥೆ ಇನ್ನೂ ಕಠಿಣ. 16 ಚಿನ್ನ, ದೇಶದಲ್ಲೇ ಅತಿ ಹೆಚ್ಚು. 2022ರಲ್ಲಿ ಟಿಮ್ರೋ ವಿರುದ್ಧ ಸೋತು ಕೆಳಗಿಳಿದರು. 2023ರಲ್ಲಿ ಹಾಕಿಆಲ್‌ಸ್ವೆನ್‌ಸ್ಕನ್ ಫೈನಲ್‌ಗೆ ಬಂದರು, ಮೊಡೊ ಸೋಲಿಸಿತು. 2024ರಲ್ಲಿ ಮತ್ತೆ ಫೈನಲ್, ಬ್ರೂನೆಸ್ ಸೋಲಿಸಿತು. ಎರಡು ವರ್ಷ ಸತತ ಹೊಸ್ತಿಲಿನಲ್ಲಿ ಮುಗ್ಗರಿಸಿದರು. 2025ರಲ್ಲಿ ಮೂರನೇ ಫೈನಲ್, ಎದುರಿಗೆ ಬೇರೆ ಯಾರೂ ಅಲ್ಲ, ಅದೇ ಸ್ಟಾಕ್‌ಹೋಮ್‌ನ ಎಐಕೆ, 2014ರಲ್ಲಿ ಇಳಿದು ಮೇಲೆ ಬರಲು ಕಾಯುತ್ತಿದ್ದ ಹಳೆಯ ಎದುರಾಳಿ. ಒಂದೇ ಊರಿನ ಎರಡು ತಂಡ, ಬಾಗಿಲು ಒಂದೇ. ಯೂರ್‌ಗೋರ್ಡನ್ ಒಳಗೆ ಹೋಯಿತು, ಎಐಕೆ ಹೊರಗೇ ಉಳಿಯಿತು. ನನ್ನ ಸಹೋದ್ಯೋಗಿಯೊಬ್ಬ ಎಐಕೆ ಕಡೆಯವನು, ಒಂದು ವಾರ ಊಟದ ಹೊತ್ತಿನಲ್ಲಿ ಹಾಕಿ ಮಾತೇ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಯೂರ್‌ಗೋರ್ಡನ್‌ಗೆ ಜಾಗ ಬಿಟ್ಟುಕೊಟ್ಟವರು ಯಾರು? ಮೊಡೊ. ಎರಡು ವರ್ಷದ ಹಿಂದೆ ಅವರನ್ನೇ ಸೋಲಿಸಿ ಮೇಲೆ ಬಂದಿದ್ದ ಮೊಡೊ, 2025ರಲ್ಲಿ ಎಚ್‌ವಿ71 ಜೊತೆಗಿನ ಕೊನೆಯ ಸರಣಿಯಲ್ಲಿ ಸೋತು ಇಳಿಯಿತು. ಎಚ್‌ವಿ71 ಹಿಂದಿನ ವರ್ಷ, 2024ರಲ್ಲೂ ಇದೇ ಸರಣಿ ಆಡಿ ಆಸ್ಕಾರ್‌ಶಾಮ್ನ್ ತಂಡವನ್ನು ಕೆಳಗೆ ಕಳಿಸಿ ಉಳಿದಿತ್ತು. ಈಗ ಗೊತ್ತಾಯಿತಲ್ವಾ, ಇದು ಬಾವಿಯ ರಾಟೆ ಇದ್ದ ಹಾಗೆ. ಒಂದು ಕೊಡ ಮೇಲೆ ಬಂದರೆ ಇನ್ನೊಂದು ಕೆಳಗೆ.

ತಂಡ ಆರಿಸಿಕೊಳ್ಳುವುದು

ಗೆಲ್ಲುವ ತಂಡ ಹುಡುಕಿ ಆರಿಸಬೇಡಿ. ಊರು ನೋಡಿ ಆರಿಸಿ. ಸ್ವೀಡನ್‌ನಲ್ಲಿ ಇದ್ದರೆ ನಿಮ್ಮ ಹತ್ತಿರದ ಊರು, ಅದರಲ್ಲಿ ಚರ್ಚೆಯೇ ಬೇಡ. ಸ್ಟಾಕ್‌ಹೋಮ್‌ನಲ್ಲಿ ಯೂರ್‌ಗೋರ್ಡನ್, ಗೋಥೆನ್‌ಬರ್ಗ್‌ನಲ್ಲಿ ಫ್ರೋಲುಂಡ, ದಕ್ಷಿಣದ ತುದಿಯಲ್ಲಿ ಮಾಲ್ಮೋ. ಲಿನ್‌ಶೋಪಿಂಗ್, ಓರೆಬ್ರೋ, ವೆಕ್‌ಶೋ ಊರುಗಳಲ್ಲೂ ತಂಡಗಳಿವೆ. ವೆಕ್‌ಶೋ ಚಿಕ್ಕ ಊರು ಅನಿಸಬಹುದು, ಆದರೆ 2015, 2018, 2021, 2023, ನಾಲ್ಕು ಚಿನ್ನ ಗೆದ್ದಿದ್ದಾರೆ.

ಭಾರತದಿಂದ ನೋಡುವವರಿಗೆ ನಾನು ಮೂರು ಹೆಸರು ಹೇಳುತ್ತೇನೆ.

ಲೆಕ್ಸಾಂಡ್. ಊರಿನಲ್ಲಿ ಸುಮಾರು ಆರು ಸಾವಿರ ಜನ. ಅರೀನಾದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಇಡೀ ಊರು ಬಾಗಿಲು ಹಾಕಿಕೊಂಡು ಬಂದರೂ ಜಾಗ ಮಿಕ್ಕುತ್ತದೆ, ಆದರೂ ತುಂಬುತ್ತದೆ, ಯಾಕೆಂದರೆ ದೇಶದ ಎಲ್ಲ ಮೂಲೆಯಲ್ಲೂ ಅವರಿಗೆ ಅಭಿಮಾನಿಗಳಿದ್ದಾರೆ. 1973, 1974, 1975, ಮೂರು ವರ್ಷ ಸತತ ಚಾಂಪಿಯನ್. ಆಮೇಲೆ ಎಲಿಟ್‌ಸೀರಿಯೆನ್ ಬಂತು, ಅಲ್ಲಿಂದ ಇಲ್ಲಿಯವರೆಗೆ ಒಂದೂ ಚಿನ್ನ ಇಲ್ಲ. ಕಾಯುವ ತಾಳ್ಮೆ ಇರುವ ಆರ್‌ಸಿಬಿ ಅಭಿಮಾನಿಗಳಿಗೆ ಈ ತಂಡ ಬೇಗ ಹತ್ತಿರ ಆಗುತ್ತದೆ.

ಲೂಲಿಯೋ. ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದ ಹತ್ತಿರ. ಲಾಂಛನದಲ್ಲಿ ಕರಡಿ. ಇಲ್ಲಿಂದ ಮಾಲ್ಮೋಗೆ ರಸ್ತೆಯಲ್ಲಿ ಸುಮಾರು 1,500 ಕಿಲೋಮೀಟರ್, ಬೀದರ್‌ನಿಂದ ಚಾಮರಾಜನಗರಕ್ಕೆ ಹೋಗಿ ಮತ್ತೆ ಹೆಚ್ಚುಕಡಿಮೆ ವಾಪಸ್ ಬಂದಷ್ಟು. 1996ರಲ್ಲಿ ಒಂದು ಚಿನ್ನ. 2020ರಲ್ಲಿ 52 ಪಂದ್ಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ಆದರೆ ಕೊರೊನಾ ಬಂದು ಮಾರ್ಚ್‌ನಲ್ಲಿ ಸೀಸನ್ ನಿಂತಿತು, ಆ ವರ್ಷ ಚಾಂಪಿಯನ್ನೇ ಇಲ್ಲ. 2022ರ ಫೈನಲ್ ಏಳನೇ ಪಂದ್ಯದವರೆಗೆ ಹೋಯಿತು, ಫೆರ್ಯೆಸ್ಟಾದ್ ಗೆದ್ದಿತು. ಕೊನೆಗೆ 2025. ಇಪ್ಪತ್ತೊಂಬತ್ತು ವರ್ಷ ಕಾದಿದ್ದರು.

ಮೂರನೆಯದು 2025ರಲ್ಲಿ ಮೇಲಿನ ಲೀಗ್‌ನಿಂದ ಇಳಿದ ಮೊಡೊ. ಓರ್ನ್‌ಶೋಲ್ಡ್ಸ್‌ವೀಕ್ ಊರಿನದು. ಪೀಟರ್ ಫೋರ್ಸ್‌ಬರಿ ಮತ್ತು ಮಾರ್ಕಸ್ ನೆಸ್ಲುಂಡ್ 1973ರ ಜುಲೈನಲ್ಲಿ ಹತ್ತು ದಿನದ ಅಂತರದಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಸೆದೀನ್ ಅವಳಿ ಸಹೋದರರು, ಹೆನ್ರಿಕ್ ಮತ್ತು ಡೇನಿಯಲ್, ಇಲ್ಲಿಯವರು. ವಿಕ್ಟರ್ ಹೆಡ್‌ಮನ್ ಕೂಡ. ಮೂವತ್ತು ಸಾವಿರ ಜನರ ಊರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಒಂದು ಚಿಕ್ಕ ನಾಡಿನಲ್ಲಿ ಆಟ ಮನೆಮಾತಾದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. 1994ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಫೋರ್ಸ್‌ಬರಿ ಕೆನಡಾ ವಿರುದ್ಧ ಒಂದೇ ಕೈಯಲ್ಲಿ ಪಕ್ ಅನ್ನು ಗೋಲ್‌ಕೀಪರ್‌ನ ಪಕ್ಕದಿಂದ ಜಾರಿಸಿದ ಆ ಪೆನಾಲ್ಟಿ ಅಂಚೆಚೀಟಿ ಮೇಲೆ ಬಂತು. ಅದರ ವಿಡಿಯೊ ಸಿಗುತ್ತದೆ, ಹುಡುಕಿ ನೋಡಿ, ನಿಧಾನ ಮಾಡಿ ನೋಡಿ. ಎಡಕ್ಕೆ ಹೋಗುತ್ತಿರುವ ದೇಹ, ಬಲಕ್ಕೆ ಉಳಿದ ಕೈ.

ಒಂದು ಪಂದ್ಯ ನೋಡುವುದು

ನಿಯಮ ಪುಸ್ತಕ ಬೇಡ. ಮೂರು ಸಂಗತಿ ಸಾಕು.

ಒಂದು, ಐಸ್ ಮೇಲೆ ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಜನ. ಆದರೆ ಬೆಂಚಿನಲ್ಲಿ ಇನ್ನೂ ಹದಿನಾರರ ತನಕ ಇರುತ್ತಾರೆ. ಗೋಲ್‌ಕೀಪರ್ ಬಿಟ್ಟರೆ ಸಾಮಾನ್ಯವಾಗಿ ಯಾರೂ ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಆಟ ನಡೆಯುತ್ತಿದ್ದಂತೆಯೇ ಗೋಡೆ ಹಾರಿ ಬದಲಾಗುತ್ತಾರೆ. ಅಷ್ಟು ಸುಸ್ತಿನ ಆಟ ಇದು. ಸುಸ್ತಾದವರು ಬದಲಾಗಲು ಆಗದೆ ಸಿಕ್ಕಿಬಿದ್ದ ಕ್ಷಣವೇ ಗೋಲ್ ಬರುವ ಕ್ಷಣ.

ಎರಡು, ಎದುರಾಳಿ ಗೋಲ್ ಕಡೆಯ ನೀಲಿ ಗೆರೆ. ಪಕ್ ಆ ಗೆರೆ ದಾಟುವ ಮುಂಚೆ ಆಟಗಾರ ದಾಟಿದರೆ ಆಫ್‌ಸೈಡ್.

ಮೂರು, ತಪ್ಪು ಮಾಡಿದವರು ಎರಡು ನಿಮಿಷ ಹೊರಗೆ ಕೂರಬೇಕು. ಆಗ ಐದಕ್ಕೆ ನಾಲ್ಕು ಆಟಗಾರರು. ಜಾಸ್ತಿ ಇರುವವರದ್ದು ಪವರ್‌ಪ್ಲೇ. ಕಡಿಮೆ ಇರುವವರ ಆಟಕ್ಕೆ ಸ್ವೀಡನ್‌ನಲ್ಲಿ ಬಾಕ್ಸ್‌ಪ್ಲೇ ಅಂತಾರೆ, ಯಾಕೆಂದರೆ ನಾಲ್ಕು ಜನ ಚೌಕಾಕಾರದಲ್ಲಿ ನಿಂತು ಗೋಲ್ ಕಾಯುತ್ತಾರೆ. ಹೊಸಬರು ಪವರ್‌ಪ್ಲೇ ನೋಡುತ್ತಾರೆ. ನೀವು ಬಾಕ್ಸ್ ನೋಡಿ. ಆ ಚೌಕ ಹೇಗೆ ಉಸಿರಾಡುತ್ತದೆ, ಪಕ್ ಎಡಕ್ಕೆ ಹೋದರೆ ನಾಲ್ವರೂ ಒಟ್ಟಿಗೆ ಅರ್ಧ ಹೆಜ್ಜೆ ಎಡಕ್ಕೆ ಜಾರುವುದು, ಒಬ್ಬ ಕಾಲು ಮಡಚಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುವ ಪಕ್‌ಗೆ ಮೈ ಒಡ್ಡುವುದು. ಪಕ್ ಗಟ್ಟಿ ರಬ್ಬರ್, ಒಂದು ಇಂಚು ದಪ್ಪ, ಮೂರು ಇಂಚು ಅಗಲ, 160 ಗ್ರಾಂ ಆಸುಪಾಸು ತೂಕ, ಕ್ರಿಕೆಟ್ ಚೆಂಡಿನಷ್ಟೇ ಭಾರ ಅಂದುಕೊಳ್ಳಿ. ಅದು ಮೊಣಕಾಲಿಗೆ ಬಡಿದ ಸದ್ದು ಮೇಲಿನ ಸಾಲಿಗೂ ಕೇಳುತ್ತದೆ. ಆ ಸದ್ದಿಗೆ ತವರಿನ ಜನ ಗೋಲ್‌ಗಿಂತ ಜೋರಾಗಿ ಚಪ್ಪಾಳೆ ತಟ್ಟುವುದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಂ ಅಂದಿತ್ತು.

ಒಬ್ಬ ಆಟಗಾರನಿಗೆ ಮಾತ್ರ ಚಿನ್ನದ ಬಣ್ಣದ ಹೆಲ್ಮೆಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ತಂಡದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಅವನು. ಚಾಂಪಿಯನ್ ಆದ ರಾತ್ರಿ ಇಡೀ ತಂಡ ಚಿನ್ನದ ಹೆಲ್ಮೆಟ್ ಹಾಕಿಕೊಳ್ಳುತ್ತದೆ.

ಅರೀನಾಗೆ ಹೋಗುವವರಿಗೆ ಎರಡು ಮಾತು. ಗೋಲ್ ಹಿಂದಿನ ನಿಲ್ಲುವ ಜಾಗಕ್ಕೆ ಟಿಕೆಟ್ ಅಗ್ಗ, ಹಾಡುವ ಗುಂಪು, ಅಂದರೆ ಕ್ಲಾಕ್, ಇರುವುದೂ ಅಲ್ಲೇ. ಮೊದಲ ಸಲ ಮಾತ್ರ ಅಲ್ಲಿ ಬೇಡ, ಉದ್ದದ ಬದಿಯಲ್ಲಿ ಎತ್ತರದ ಸೀಟ್ ತಗೊಳ್ಳಿ, ಆಟದ ಆಕಾರ ಕಾಣುತ್ತದೆ. ಜಾಕೆಟ್ ತೆಗೆದಿಡಬೇಡಿ, ಒಳಗೂ ಚಳಿ ಇರುತ್ತದೆ. ಕಾರ್ಡ್ ಇಟ್ಟುಕೊಳ್ಳಿ, ನೋಟು ತಗೊಳ್ಳುವ ಅಂಗಡಿ ಸಿಗುವುದು ಕಷ್ಟ. ಮಾಂಸ ತಿನ್ನದವರು ತಿಂದೇ ಹೋಗಿ, ಎಲ್ಲ ಕಡೆ ಸಿಗುವುದು ಬನ್ನಿನೊಳಗಿನ ಸಾಸೇಜ್.

ಭಾರತದಲ್ಲಿ ಕೂತವರಿಗೆ ಗಡಿಯಾರದ ಲೆಕ್ಕ. ಹೆಚ್ಚಿನ ಪಂದ್ಯಗಳು ಮಂಗಳವಾರ, ಗುರುವಾರ, ಶನಿವಾರ. ಸಂಜೆ 7ರ ಪಂದ್ಯ ಚಳಿಗಾಲದಲ್ಲಿ ನಮಗೆ ರಾತ್ರಿ 11.30. ಅಕ್ಟೋಬರ್ ಕೊನೆಯವರೆಗೆ, ಮತ್ತೆ ಮಾರ್ಚ್ ಕೊನೆಯ ಭಾನುವಾರದ ನಂತರ, ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ನಮಗೆ 10.30. ಶನಿವಾರ ಮಧ್ಯಾಹ್ನದ ಪಂದ್ಯ ಹಿಡಿಯಿರಿ, ಅದು ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತದೆ. ಪೂರ್ತಿ ಪಂದ್ಯ ಆಗದಿದ್ದರೆ ಮುಖ್ಯ ಕ್ಷಣಗಳ ವಿಡಿಯೊ ನೋಡಿ, ಆದರೆ ವಾರಕ್ಕೆ ಒಂದು ಪಂದ್ಯದ್ದಾದರೂ ಮೂರನೇ, ಅಂದರೆ ಕೊನೆಯ, ಇಪ್ಪತ್ತು ನಿಮಿಷವನ್ನು ಬಿಡದೆ ನೋಡಿ.

ಇನ್ನೊಂದು ಕಪ್

ಪಟ್ಟಿಯ ಮೇಲ್ಭಾಗದವರಿಗೆ ಇನ್ನೊಂದು ಆಸೆ ಇದೆ, ಚಾಂಪಿಯನ್ಸ್ ಹಾಕಿ ಲೀಗ್. ಯೂರೋಪಿನ ಬೇರೆ ಬೇರೆ ದೇಶಗಳ ಕ್ಲಬ್‌ಗಳು ಆಡುವ ಟೂರ್ನಿ, 2014ರಲ್ಲಿ ಶುರು. ಮೊದಲ ಫೈನಲ್‌ನಲ್ಲೇ ಎರಡೂ ಸ್ವೀಡನ್ ತಂಡ, ಲೂಲಿಯೋ ಫ್ರೋಲುಂಡವನ್ನು ಸೋಲಿಸಿತು. ಆಮೇಲೆ ಫ್ರೋಲುಂಡ 2016, 2017, 2019, 2020ರಲ್ಲಿ ಗೆದ್ದಿತು. ಮೊದಲ ಆರು ಕಪ್‌ಗಳಲ್ಲಿ ಐದು ಸ್ವೀಡನ್‌ಗೆ. 2022ರಲ್ಲಿ ಎಂಗಲ್‌ಹೋಮ್ ಅನ್ನುವ ಸಣ್ಣ ಊರಿನ ರೋಗ್ಲೆ ಗೆದ್ದದ್ದು ನನಗೆ ತುಂಬ ಇಷ್ಟವಾದ ಗೆಲುವು, ದೇಶದೊಳಗೆ ಒಮ್ಮೆಯೂ ಚಿನ್ನ ಗೆಲ್ಲದ ತಂಡ ಯೂರೋಪಿನ ಕಪ್ ಎತ್ತಿತು. ಇದರ ಪಂದ್ಯಗಳು ಆಗಸ್ಟ್ ಕೊನೆಗೇ ಶುರುವಾಗುತ್ತವೆ, ಹೊಸಬರಿಗೆ ಕಣ್ಣು ಪಳಗಿಸಿಕೊಳ್ಳಲು ಒಳ್ಳೆ ಅವಕಾಶ.

ಮೊದಲ ಸೀಸನ್ ಹೀಗೆ ನೋಡಿ

ಆಗಸ್ಟ್‌ನಲ್ಲಿ ಕಣ್ಣು ಪಳಗಿಸಿ. ಸೆಪ್ಟೆಂಬರ್‌ನಲ್ಲಿ ಒಂದು ಊರು ಆರಿಸಿ, ಅದರ ಹತ್ತು ಪಂದ್ಯ ನೋಡಿ, ನಾಲ್ಕೈದು ಆಟಗಾರರ ನಂಬರ್ ನೆನಪಾಗುತ್ತದೆ. ಡಿಸೆಂಬರ್‌ನಲ್ಲಿ ಪಟ್ಟಿ ಬರೆದು ಗೆರೆ ಎಳೆಯಿರಿ, ಅದಕ್ಕೂ ಮುಂಚೆ ಪಟ್ಟಿ ಏನೂ ಹೇಳುವುದಿಲ್ಲ. ಜನವರಿಯಲ್ಲಿ ಕೊನೆಯ ನಾಲ್ಕು ತಂಡಗಳ ಸುದ್ದಿ ಓದಿ. ಕೋಚ್ ಬದಲಾಯಿಸುತ್ತಾರೆ, ಬೇರೆ ದೇಶದಿಂದ ಗೋಲ್‌ಕೀಪರ್ ತರಿಸುತ್ತಾರೆ, ಸದಸ್ಯರ ಸಭೆಯಲ್ಲಿ ಜಗಳ ಆಗುತ್ತದೆ.

ಮಾರ್ಚ್‌ನಲ್ಲಿ 52ನೇ ಸುತ್ತು ಬರುತ್ತದೆ. ಏಳು ಪಂದ್ಯ, ಹದಿನಾಲ್ಕು ತಂಡ, ಎಲ್ಲ ಒಂದೇ ರಾತ್ರಿ. ಮೊದಲ ಸ್ಥಾನದ ಪಂದ್ಯ ಹಾಕಬೇಡಿ. 12 ಮತ್ತು 13ರಲ್ಲಿ ಇರುವವರ ಪಂದ್ಯ ಹಾಕಿ, ಫೋನ್‌ನಲ್ಲಿ ಪಟ್ಟಿ ತೆರೆದಿಡಿ. ಒಂದು ಅರೀನಾದಲ್ಲಿ ಗೋಲ್ ಬಿದ್ದರೆ ಆರುನೂರು ಕಿಲೋಮೀಟರ್ ದೂರದ ಇನ್ನೊಂದು ಅರೀನಾದಲ್ಲಿ ಜನ ತಲೆ ಬಗ್ಗಿಸಿ ಫೋನ್ ನೋಡುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ಬೆಂಚಿನಲ್ಲಿ ಕೂತ ಆಟಗಾರರು ಜನರ ಮುಖ ನೋಡಿಯೇ ಅಲ್ಲಿ ಏನಾಯಿತು ಅಂತ ತಿಳಿದುಕೊಳ್ಳುತ್ತಾರೆ. ಕೊನೆಯ ಎರಡು ನಿಮಿಷಕ್ಕೆ ಒಂದು ತಂಡ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸುತ್ತದೆ, ಗೋಲ್ ಖಾಲಿ ಬಿಟ್ಟು. ಆಗ ಎದ್ದು ನಿಂತು ನೋಡಿ.